ಬಾಯ್ಲರ್ ಮೇಲಿನ ಹಲಗೆ

ಲಾಂಡ್ರಿ ಮನೆ, ಮಹಡಿ ಕೋಣೆ
ಹದಿನೆಂಟನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ, ಮುದ್ದಿನ, ನನಗಿರುವ ಒಬ್ಬರೇ ಒಬ್ಬರು ಅತ್ತೆಗೆ,

ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರಗಳು, ಎರಡು ಕೈ ತುಂಬ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಮಲಗುವ ಮುಂಚೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀರೋ, ಇಲ್ಲ ಅಕ್ಕನ ಕಾಲು ನೋಡಿಕೊಳ್ಳುವುದರಲ್ಲಿ ನಿಮಗೂ ಎರಡು ಕಾಲಿವೆ ಎಂಬುದೇ ಮರೆತುಹೋಗಿದೆಯೋ? ದೊಡ್ಡತ್ತೆಯ ಸೊಂಟದ ಆಪರೇಷನ್ ಹೊಲಿಗೆ ಬಿಚ್ಚಿದರಂತೆ, ವಾಕರ್ ಹಿಡಿದು ಬಾಗಿಲವರೆಗೂ ನಡೆದು, ಬಾಗಿಲಿಗೇ ಬೈದು ವಾಪಸು ಬಂದರಂತೆ. ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ! ಬೈಯುವಷ್ಟು ಶಕ್ತಿ ಬಂದಿದೆ ಎಂದರೆ ಅರ್ಧ ವಾಸಿಯಾದ ಹಾಗೇ. ನಿಮಗೆ ಊಟ ಸೇರುತ್ತಿದೆಯೇ? ನೀವೇನಾದರೂ ಸೊರಗಿದರೆ ನಾನೇ ಅಲ್ಲಿಗೆ ಬಂದು ದೊಡ್ಡತ್ತೆಯ ಜೊತೆ ಜಗಳ ಆಡುತ್ತೇನೆ, ಹೊಟ್ಟೆ ಮುಂದಿಟ್ಟುಕೊಂಡು.

ಫೋನ್ ಇರುವಾಗ ಈ ಹುಡುಗಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅನ್ನುತ್ತೀರಿ. ಜೀವಮಾನವೆಲ್ಲ ಮೆಷಿನ್ನಿನ ಗಡಗಡ ಕೇಳಿದ ನಿಮ್ಮ ಕಿವಿಗೂ ಫೋನಿಗೂ ಅಷ್ಟಕ್ಕಷ್ಟೇ. ಸ್ಪೀಕರ್ ಹಾಕಿದರೆ ದೊಡ್ಡತ್ತೆ ಮಂಚದಿಂದಲೇ ನನ್ನ ಒಂದೊಂದು ಮಾತಿಗೂ ಒಗ್ಗರಣೆ ಹಾಕುತ್ತಾರೆ. ಹೋದ ಸಲ ನಾನು ಬಿಪಿ ಸ್ವಲ್ಪ ಏರಿದೆ ಎಂದದ್ದೇ ತಡ, ನೋಡಲು ಬಂದಿದ್ದ ಪಕ್ಕದ ಮನೆಯವರಿಗೆ ‘ಕೇಳಿದ್ರಾ, ಆ ಹುಡುಗಿಗೆ ಈಗಲೇ ಬಿಪಿ ಅಂತೆ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಎಂದು ಶುರು ಮಾಡಿದರು. ಈಗ ನಾನು ಹೇಳಬೇಕಾದದ್ದು ಹಾಗೆ ಕೂಗಿ ಹೇಳುವ ಮಾತಲ್ಲ ಅತ್ತೆ. ಆದ್ದರಿಂದ ಬಾಗಿಲು ಹಾಕಿಕೊಂಡು ಪೆನ್ನು ಹಿಡಿದಿದ್ದೇನೆ. ಇಂಗ್ಲಿಷ್ ಮೀಡಿಯಂ ಸೊಸೆಯ ಕನ್ನಡ ಅಕ್ಷರ ನೋಡಿ ನಗಬೇಡಿ. ನಕ್ಕರೂ ದೊಡ್ಡತ್ತೆಗೆ ತೋರಿಸಬೇಡಿ.

ಮೊದಲು ಮನೆಯ ಸಮಾಚಾರ. ನೀವು ಹೋದಾಗಿನಿಂದ ಮಾವ ದೊಡ್ಡ ಮೆಷಿನ್ನಿನ ಜೊತೆ ಮಾತಾಡುವುದು ಜಾಸ್ತಿಯಾಗಿದೆ. ಬೆಳಗ್ಗೆ ಅದರ ಬೆನ್ನು ತಟ್ಟಿ ‘ಏಳಪ್ಪಾ ಆನೆ, ಮಾಲಕಿನ್ ಊರಲ್ಲಿಲ್ಲ ಅಂತ ಸೋಮಾರಿತನ ಮಾಡಬೇಡ’ ಅನ್ನುತ್ತಾರೆ. ಆನೆ ಎಂದಿನಂತೆ ಒದರಿ, ನೆಲವೆಲ್ಲ ನೀರು ಮಾಡಿ, ಕೆಲಸ ಶುರು ಮಾಡುತ್ತದೆ. ನಿಮ್ಮ ಮಗರಾಯರು ಅಡುಗೆ ಕಲಿತಿದ್ದಾರೆ. ಅಂದರೆ ಮೊಟ್ಟೆ ಬೇಯಿಸಲು ಕಲಿತಿದ್ದಾರೆ. ಸಿಪ್ಪೆ ಬಿಡಿಸುವುದು ಮುಂದಿನ ಪಾಠವಂತೆ. ಸಂಜೆ ಅಂಗಡಿ ಮುಚ್ಚಿ ಮೇಲೆ ಬಂದ ಕೂಡಲೆ ನನ್ನ ಹೊಟ್ಟೆಗೆ ಕಿವಿಯಿಟ್ಟು ‘ಒಳಗಿನ ಯಜಮಾನರು ಇವತ್ತು ಏನಂದ್ರು?’ ಎಂದು ಕೇಳುತ್ತಾರೆ. ನೀವು ಇಟ್ಟ ಹೆಸರೇ ನಿಂತುಬಿಟ್ಟಿದೆ. ಹೆಣ್ಣಾದರೂ ಯಜಮಾನರೇ ಅಂತೆ. ನೀವು ಹೇಳಿಹೋದಂತೆ ಹೆರಿಗೆ ಆಸ್ಪತ್ರೆಯ ಬಟ್ಟೆ ಗಂಟು ಒಗೆಯಲು ಬಂದ ದಿನ ನಾನು ಕೆಳಗಿಳಿಯುವ ಮುಂಚೆಯೇ ಇವರು ಹಿಂದಿನ ಕೋಣೆಯಲ್ಲಿ ಅದನ್ನು ಬಿಚ್ಚಿ, ಕಲೆಯಾದ ಹಾಸು ಬಟ್ಟೆಗಳನ್ನೆಲ್ಲ ತಣ್ಣೀರಿಗೆ ಹಾಕಿಬಿಡುತ್ತಾರೆ. ನಾನು ನೋಡುವುದಿಲ್ಲ. ಆದರೆ ಆ ಕೋಣೆಯ ನೀರು ಹೊರಗೆ ಹರಿಯುವ ಕಾಲುವೆ ಕೌಂಟರಿನ ಪಕ್ಕದಲ್ಲೇ ಇದೆಯಲ್ಲ. ನೀರಿನ ಬಣ್ಣವನ್ನು ಯಾರು ಮುಚ್ಚಿಡುತ್ತಾರೆ? ಆ ಹೊತ್ತಿಗೆ ನಾನು ಚೀಟಿ ಕಟ್ಟುವ ದಾರವನ್ನು ಸುಮ್ಮನೆ ಸುತ್ತುತ್ತಾ, ಬಿಚ್ಚುತ್ತಾ ಕೂರುತ್ತೇನೆ.

ನನಗೆ ಭಯ ಅತ್ತೆ. ಇಷ್ಟು ಹೊತ್ತು ಹರಟಿದ್ದು ಇದನ್ನು ಬರೆಯಲು ಧೈರ್ಯ ಬರಲಿ ಎಂದು. ನೀವು ಹೊರಡುವ ಹೊತ್ತಿಗೆ ನನಗೆ ಮೂರು ತಿಂಗಳು ತುಂಬಿತ್ತು. ಹೋದ ವರ್ಷ ಆ ಮಗು ಹೋದದ್ದು ಮೂರನೆಯ ತಿಂಗಳಲ್ಲೇ ಅಲ್ಲವೇ, ಅದನ್ನು ದಾಟಿದೆವು ಎಂದು ನೀವು ಸಮಾಧಾನವಾಗಿ ಬಸ್ಸು ಹತ್ತಿದಿರಿ. ಅದರ ಮುಂದಿನ ವಾರ ನಾವು ಆಸ್ಪತ್ರೆಗೆ ಹೋದೆವು. ನನ್ನ ಫೈಲಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದ್ದರು, ‘ಹೈ ರಿಸ್ಕ್’ ಎಂದು. ಹಿಂದೆ ಒಂದು ಹೋಗಿದೆ, ಬಿಪಿ ಏರುತ್ತಿದೆ, ಥೈರಾಯ್ಡ್ ಅಂತೂ ಮಾತು ಕೇಳುತ್ತಿಲ್ಲ. ನಮ್ಮ ಅಂಗಡಿಯಲ್ಲಿ ಕೆಂಪು ದಾರ ಕಟ್ಟಿದ ಬಟ್ಟೆ ನೆನಪಾಯಿತು. ನಾನು ಬಂದ ಹೊಸತರಲ್ಲಿ ಕೆಂಪು ದಾರ ಎಂದರೆ ಹಾಳಾದದ್ದು ಎಂದುಕೊಂಡು ಒಂದು ರೇಷ್ಮೆ ಅಂಗಿಯನ್ನು ಮೂಲೆಗೆ ಎಸೆದಿದ್ದೆನಲ್ಲ, ಆಗ ನೀವು ಅಂದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ‘ಕೆಂಪು ದಾರ ಅಂದ್ರೆ ಹಾಳು ಅಂತಲ್ಲ ಕಣೇ, ಬೇರೆಯಾಗಿ ಒಗೀಬೇಕು ಅಂತ.’ ಡಾಕ್ಟರಮ್ಮನ ಬಾಗಿಲ ಮುಂದೆ ಕೂತು ಅದನ್ನೇ ಜಪದ ಹಾಗೆ ಹೇಳಿಕೊಂಡೆ. ಬೇರೆಯಾಗಿ ಒಗೀಬೇಕು, ಅಷ್ಟೇ. ಬೇರೆಯಾಗಿ ಒಗೀಬೇಕು.

ಒಳಗೆ ಹೋದರೆ ರಕ್ತದ ರಿಪೋರ್ಟು ಇರಬೇಕಾದದ್ದಕ್ಕಿಂತ ಮೂರು ಪಟ್ಟು ಮೇಲಿತ್ತು. ಆ ಅಂಕಿ ಏರಿದಷ್ಟೂ ಮೈಗೆ ಥೈರಾಯ್ಡ್ ಸಾಲುತ್ತಿಲ್ಲ ಎಂದು ಅರ್ಥವಂತೆ. ಡೋಸು ಏರಿಸಿದ ಮೇಲೂ! ಡಾಕ್ಟರಮ್ಮ ಕನ್ನಡಕ ತೆಗೆದು, ಹೋದ ವರ್ಷ ಕೇಳಿದ ಅದೇ ಪ್ರಶ್ನೆ ಕೇಳಿದರು: ‘ನಿಜ ಹೇಳಿ, ಮಾತ್ರೆ ತಪ್ಪಿಸ್ತಾ ಇದ್ದೀರಾ?’ ಹೋದ ವರ್ಷ ಆ ಮಾತಿಗೆ ನೀವು ಎದ್ದು ನಿಂತದ್ದು ನೆನಪಿದೆಯೇ? ಆಸ್ಪತ್ರೆಯ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ‘ದಿನಾ ಬೆಳಗ್ಗೆ ನನ್ನ ಕೈಯಾರೆ ಕೊಟ್ಟಿದ್ದೀನಿ. ನನ್ನ ಸೊಸೆ ಬಾಯಿಬಡುಕಿ ಇರಬಹುದು, ಸುಳ್ಳಿ ಅಲ್ಲ’ ಎಂದಿರಿ. ಮದುವೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಮಗು ಹೋದ ಸಂಕಟದಲ್ಲೂ ನನಗೆ, ಅಯ್ಯೋ, ಇವರು ನನ್ನವರು ಎಂದು ಅನ್ನಿಸಿದ್ದು ಆ ಗಳಿಗೆಯಲ್ಲೇ. ಈ ಸಲ ನೀವಿರಲಿಲ್ಲ. ನಿಮ್ಮ ಮಗ ಎದ್ದು ನಿಲ್ಲಲು ಹೋಗಿ ಕುರ್ಚಿ ಬೀಳಿಸಿದರು. ನಾನೇ ಹೇಳಿದೆ: ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗುತ್ತೇನೆ, ಒಂದು ಗಂಟೆ ಕಾಫಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ದೂರ ಮಾಡಿ ಮಧ್ಯಾಹ್ನದ ಮೇಲೆ ತೆಗೆದುಕೊಳ್ಳುತ್ತೇನೆ. ಅವರು ಎಲ್ಲಕ್ಕೂ ತಲೆಯಾಡಿಸಿ, ನಂಬಿದಂತೆಯೂ ನಂಬದಂತೆಯೂ ಡೋಸು ಇನ್ನೊಮ್ಮೆ ಏರಿಸಿ ಬರೆದರು. ಅದೇ ಬಾಟಲಿಯಿಂದ ಇನ್ನರ್ಧ ಮಾತ್ರೆ ಸೇರಿಸಿಕೊಳ್ಳಬೇಕು ಎಂದರು. ಏನೇನೋ ಕೇಳಿದ ಅವರು ಬಾಟಲಿ ಎಲ್ಲಿಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅವರಿಗಾದರೂ ಹೇಗೆ ಹೊಳೆಯಬೇಕು, ನಮ್ಮಂಥ ಮನೆಯೂ ಇರುತ್ತದೆ ಎಂದು?

ಆ ಸಂಜೆ ನಾನು ಮಾಡಬಾರದ ಕೆಲಸ ಮಾಡಿದೆ. ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಇದ್ದಬದ್ದದ್ದನ್ನೆಲ್ಲ ಓದಿದೆ. ಓದು ಕಲಿತವರ ಹಣೆಬರಹ ಇದು ಅತ್ತೆ, ಭಯಪಡಲೂ ಪುಟಗಟ್ಟಲೆ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಕೆಲಸ ಮಾಡುವುದಿಲ್ಲವಂತೆ. ಅಮ್ಮನ ಮೈಯಿಂದ ಬಂದದ್ದರಲ್ಲೇ ಅದರ ಮೆದುಳು ಬೆಳೆಯಬೇಕಂತೆ. ನನ್ನ ಮೈಯಲ್ಲಿ ನನಗೇ ಸಾಲದಿದ್ದಾಗ ಅದಕ್ಕೆ ಎಲ್ಲಿಂದ ಹೋಗುತ್ತದೆ? ಹೋಗಿಬಿಡುವುದೊಂದೇ ಭಯ ಎಂದುಕೊಂಡಿದ್ದೆ. ಉಳಿದರೂ ಭಯವಿದೆ ಎಂದು ಆವತ್ತು ಗೊತ್ತಾಯಿತು. ಸ್ಕ್ಯಾನಿನಲ್ಲಿ ಕಾಲು ಕಾಣುತ್ತದೆ, ಎದೆ ಬಡಿಯುವುದು ಕಾಣುತ್ತದೆ, ಮೂಗಿನ ಎಲುಬೂ ಕಾಣುತ್ತದಂತೆ. ಬುದ್ಧಿ ಕಾಣುವುದಿಲ್ಲ. ನಾನು ಕರೆದರೆ ತಿರುಗುತ್ತದೋ, ಅಕ್ಷರ ಕಲಿಯುತ್ತದೋ, ನಿಮ್ಮ ಜೋಕಿಗೆ ನಗುತ್ತದೋ, ಅದನ್ನು ಯಾವ ಮೆಷಿನ್ನೂ ತೋರಿಸುವುದಿಲ್ಲ. ಇವರು ಬಂದು ಮೊಬೈಲ್ ಕಿತ್ತುಕೊಂಡರು. ನಾಲ್ಕು ಸ್ವೆಟರಿನಷ್ಟು ಹೊದಿಕೆ ಹೊದಿಸಿದರು. ಆದರೂ ಹಲ್ಲು ಕಟಕಟ ಎನ್ನುತ್ತಿತ್ತು.

ಆ ಚಳಿ! ನಿಮಗೆ ಗೊತ್ತೇ ಇದೆ. ಇಸ್ತ್ರಿ ಮೇಜಿನ ಹತ್ತಿರ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿರುವಾಗ ನಾನೊಬ್ಬಳೇ ಸ್ವೆಟರ್ ತೊಟ್ಟು ಬಾಯ್ಲರ್ ಪಕ್ಕದ ಮಣೆಯ ಮೇಲೆ ಮುದುರಿ ಕೂರುತ್ತಿದ್ದೆ. ‘ಬಾಯ್ಲರ್ ಬೆಕ್ಕು’ ಎಂದು ನೀವು ಕರೆದದ್ದು ಆಗಲೇ. ನಾನು ದಿನವೆಲ್ಲ ಅಲ್ಲೇ ಇರುತ್ತೇನೆ, ಮಾತ್ರೆಯೂ ನನ್ನ ತಲೆಯ ಮೇಲೇ ಇರಲಿ ಎಂದು ನೀವು ಬಾಟಲಿಯನ್ನು ಬಾಯ್ಲರ್ ಮೇಲಿನ ಹಲಗೆಯಲ್ಲಿಟ್ಟಿರಿ. ಅದಕ್ಕೂ ಮುಂಚೆ ನಾನು ಪೆದ್ದಿಯ ಹಾಗೆ ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದೆ. ‘ಇಲ್ಲಿಟ್ರೆ ಹಬೆ ಹೊಡೆದು ಹಿಟ್ಟಾಗುತ್ತೆ ಕಣೇ’ ಎಂದು ಬೈದಿರಿ. ನೀವು ಹೇಳಿದ್ದು ಸರಿಯಾಗೇ ಇತ್ತು. ನಮ್ಮ ಮನೆಯಲ್ಲಿ ಹಬೆ ಗೋಡೆ ಮೇಲೆ ಬೆವರಿನ ಹಾಗೆ ಇಳಿಯುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ನನ್ನ ಮದುವೆ ಆಲ್ಬಮ್ಮಿನಲ್ಲಿ ಇವರ ಮುಖಕ್ಕೆ ಬೂಷ್ಟು ಬಂದಿದೆ. ಇಡೀ ಮನೆಯಲ್ಲಿ ಖಡಾಖಂಡಿತ ಒಣಗಿರುವ ಜಾಗ ಎಂದರೆ ಆ ಒಂದು ಹಲಗೆ. ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ, ಮಾವನ ಓದುವ ಕನ್ನಡಕ, ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿಡುವ ಗಾಜಿನ ಭರಣಿ, ಎಲ್ಲ ಅಲ್ಲೇ. ಆ ಭರಣಿಯನ್ನು ಪಕ್ಕಕ್ಕೆ ಸರಿಸಿ ನನ್ನ ಬಾಟಲಿಗೆ ಜಾಗ ಮಾಡಿ ನೀವು ಹೇಳಿದಿರಿ: ‘ಇಲ್ಲಿಟ್ಟದ್ದು ಇವತ್ತಿನ ತನಕ ಒಂದೂ ಕಳೆದಿಲ್ಲ.’

ಈಗ ಆದದ್ದು ಕೇಳಿ. ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ಮೂರನೆಯ ದಿನವೋ ಏನೋ, ಮೂಲೆಮನೆಯ ಟೀಚರ್ ಮಗಳ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಹುಡುಗಿಯ ಯೂನಿಫಾರಂ ಜೇಬಿನಲ್ಲಿ ಮೇಣದ ಬಣ್ಣದ ಕಡ್ಡಿಗಳಿದ್ದವಂತೆ, ಸಿಕ್ಕಿವೆಯೇ ಎಂದು ಕೇಳಿದರು. ಹುಡುಗಿಯಂತೂ ಅಳುವುದಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಸಿಕ್ಕಿದ್ದು ನನಗೆ ನೆನಪಿತ್ತು, ಒಗೆಯುವ ಮುಂಚೆ ನಾನೇ ತೆಗೆದು ಭರಣಿಯ ಹಿಂದೆ ಇಟ್ಟಿದ್ದೆ. ಜಂಬದಿಂದ ಮಣೆ ಹತ್ತಿ ಕೈ ಹಾಕಿದೆ. ಬೆರಳಿಗೆ ಏನೋ ಅಂಟಂಟು. ಎಳೆದರೆ ಕೆಂಪು, ಹಸಿರು, ನೀಲಿ ಎಲ್ಲ ಕರಗಿ ಒಂದೇ ಮುದ್ದೆಯಾಗಿ, ಗೋಡೆ ಕಡೆಗೆ ಹರಿದು ಹೆಪ್ಪುಗಟ್ಟಿತ್ತು. ಹರಿದ ಬಣ್ಣದ ಒಂದು ನಾಲಿಗೆ ನನ್ನ ಮಾತ್ರೆ ಬಾಟಲಿಯ ಬುಡಕ್ಕೇ ಅಂಟಿಕೊಂಡಿತ್ತು. ಬಾಟಲಿ ಎತ್ತಿದೆ. ಬಿಸಿ. ಆಗಷ್ಟೇ ಕಾಫಿ ಸುರಿದ ಲೋಟದ ಹಾಗೆ ಬಿಸಿ. ದಿನಾ ನೀವು ತೆಗೆದು ಕೊಡುತ್ತಿದ್ದಿರಿ, ನನ್ನ ಕೈಗೆ ಬರುತ್ತಿದ್ದದ್ದು ಒಂದು ಮಾತ್ರೆ ಅಷ್ಟೇ. ನೀವು ಹೋದ ಮೇಲೆ ನಾನೇ ತೆಗೆದುಕೊಳ್ಳುತ್ತಿದ್ದೆನಾದರೂ ಅದು ಬೆಳಗ್ಗೆ, ಬಾಯ್ಲರ್ ಹೊತ್ತಿಸುವ ಮುಂಚೆ. ಬೆಳಗ್ಗೆ ಹಲಗೆ ತಣ್ಣಗಿರುತ್ತದೆ. ಆ ಹುಡುಗಿ ಮುದ್ದೆ ನೋಡಿ ‘ಅಮ್ಮಾ, ಕಾಮನಬಿಲ್ಲು ಆಗಿದೆ’ ಎಂದು ನಕ್ಕಳು, ಅದನ್ನೇ ಇಸಿದುಕೊಂಡು ಹೋದಳು. ನಾನು ಮಣೆಯಿಂದ ಇಳಿಯಲಾರದೆ ಅಲ್ಲೇ ನಿಂತಿದ್ದೆ. ಮಾವ ಬಂದು ಕೈಹಿಡಿದು ಇಳಿಸಿದರು.

ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆವು. ಅಂದರೆ ಸ್ಕೂಟರಿನಲ್ಲಿ, ಇವರ ಪ್ರಕಾರ ಮೆತ್ತಗೆ, ನನ್ನ ಪ್ರಕಾರ ಆಮೆಯ ಹಾಗೆ. ಡಾಕ್ಟರಮ್ಮ ಬಾಟಲಿಯನ್ನು ತಿರುಗಿಸಿ, ಬುಡದ ಬಣ್ಣ ನೋಡಿ, ಏನಿದು ಎಂದು ಕೇಳಿ, ಎಲ್ಲ ಕೇಳಿಸಿಕೊಂಡ ಮೇಲೆ ಅದನ್ನು ಮೇಜಿನ ಮೇಲಿಟ್ಟರು. ಈ ಮಾತ್ರೆಗೆ ತೇವವೂ ಆಗದು, ಬಿಸಿಲೂ ಆಗದು, ಬಿಸಿಯಂತೂ ಆಗಲೇ ಆಗದಂತೆ. ನೋಡಲು ಹಾಗೇ ಇರುತ್ತದೆ, ಬಿಳಿ, ದುಂಡಗೆ, ಆದರೆ ಒಳಗಿನ ಶಕ್ತಿ ದಿನದಿನಕ್ಕೂ ಸೋರಿಹೋಗುತ್ತದಂತೆ. ಎಷ್ಟು ಹೋಗಿತ್ತು, ಎಷ್ಟು ಉಳಿದಿತ್ತು ಎಂದರೆ ಈಗ ಹೇಳಲಾಗುವುದಿಲ್ಲ ಎಂದರು. ಆಮೇಲೆ ನನ್ನ ಭುಜ ಮುಟ್ಟಿ ‘ನಿಮ್ಮನ್ನ ಅನುಮಾನಿಸಿದೆ, ಸಾರಿ’ ಎಂದರು. ನನಗೆ ಅಳು ಬಂದುಬಿಟ್ಟಿತು. ಈ ಮಾತನ್ನು ಕೇಳಲು ನೀವಿರಬೇಕಿತ್ತು. ಹೊಸ ಬಾಟಲಿ ಬರೆದುಕೊಟ್ಟರು. ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡಿ, ಅಷ್ಟರೊಳಗೆ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ ಎಂದರು. ಹೊಸ ಬಾಟಲಿಗೆ ನಾನು ಇಡೀ ಮನೆ ಅಲೆದೆ. ಎಲ್ಲ ಗೋಡೆಗೂ ಕೆನ್ನೆ ಒತ್ತಿ ನೋಡಿದೆ. ಕೊನೆಗೆ ತಣ್ಣಗೂ ಒಣಗೂ ಇದ್ದದ್ದು ನಿಮ್ಮ ಕೋಣೆಯ ಕಪಾಟು, ಉತ್ತರದ ಗೋಡೆಯದು. ನಿಮ್ಮ ಹತ್ತಿ ಬಟ್ಟೆಗಳ ನಡುವೆ ಇಟ್ಟಿದ್ದೇನೆ. ಕೇಳದೆ ಕಪಾಟು ತೆಗೆದದ್ದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ.

ಆ ನಾಲ್ಕು ವಾರ ಹೇಗೆ ಕಳೆದೆ ಎಂದು ಕೇಳಬೇಡಿ. ಇದನ್ನೆಲ್ಲ ಆಗಲೇ ನಿಮಗೆ ತಿಳಿಸಲಿಲ್ಲ ಎಂದೂ ಬೇಸರ ಮಾಡಿಕೊಳ್ಳಬೇಡಿ, ಏನು ತಿಳಿಸಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ. ಸ್ನಾನಕ್ಕೆ ಹೋದಾಗಲೆಲ್ಲ ಒಳಬಟ್ಟೆ ನೋಡಲು ಹೆದರಿಕೆ. ನೋಡದೆ ಇರಲೂ ಹೆದರಿಕೆ. ಬಿಳಿ ಬಟ್ಟೆ ಹಾಕುವುದನ್ನೇ ಬಿಟ್ಟೆ, ಆಮೇಲೆ, ಇಲ್ಲ, ಬಣ್ಣದ ಬಟ್ಟೆಯಲ್ಲಿ ಗೊತ್ತಾಗದೆ ಹೋದರೆ ಎಂದು ಮತ್ತೆ ಬಿಳಿಯದೇ ಹಾಕಿದೆ. ಕಲೆ ಗುರುತು ಹಿಡಿಯುವುದರಲ್ಲಿ ನಿಮ್ಮ ಶಿಷ್ಯೆಯಲ್ಲವೇ ನಾನು! ಒಳಗೆ ಮೊದಲ ಸಲ ಏನೋ ಮಿಸುಕಿದ್ದು ಕೌಂಟರಿನಲ್ಲಿ ಗಿರಾಕಿಯ ಕೋಟು ಮಡಿಸುತ್ತಿದ್ದಾಗ. ಮೀನು ಬಾಲ ಬಡಿದ ಹಾಗೆ, ಅಷ್ಟೇ. ಖುಷಿಯಿಂದ ಕಿರುಚಿದೆ, ಗಿರಾಕಿ ಕೋಟಿಗೆ ಏನಾಯಿತೋ ಎಂದು ಹಾರಿಬಿದ್ದರು. ಆದರೆ ಅದು ಮಿಸುಕಿದರೂ ಭಯ, ಸುಮ್ಮನಿದ್ದರೂ ಭಯ. ಎಡಗಡೆ ಮಗ್ಗುಲಾಗಿ ಮಲಗಿ, ‘ಯಜಮಾನರೇ, ಒಂದು ಒದೆ ಕೊಡಿ, ಕೆಲಸದವಳು ಕಾಯ್ತಾ ಇದ್ದಾಳೆ’ ಎಂದು ಬೇಡಿಕೊಳ್ಳುತ್ತೇನೆ. ಕೆಲವು ಸಲ ಕೊಡುತ್ತಾರೆ. ಕೆಲವು ಸಲ ನಮ್ಮ ಆನೆಯ ಹಾಗೆ, ಎಷ್ಟು ಬೆನ್ನು ತಟ್ಟಿದರೂ ಇಲ್ಲ.

ಈಗ ಒಳ್ಳೆಯ ಸುದ್ದಿ, ಅದಕ್ಕಾಗಿಯೇ ಈ ಪತ್ರ. ಮೊನ್ನೆ ಶನಿವಾರ ರಿಪೋರ್ಟು ಬಂತು. ಇಳಿದಿದೆ! ಇನ್ನೂ ಇರಬೇಕಾದ ಕಡೆಗೆ ಪೂರ್ತಿ ಬಂದಿಲ್ಲ, ಆದರೆ ಅರ್ಧಕ್ಕಿಂತ ಕೆಳಗೆ ಬಂದಿದೆ. ಚಳಿಯೂ ಕಮ್ಮಿ. ಇವತ್ತು ಸ್ವೆಟರ್ ಇಲ್ಲದೆ ಕೂತು ಬರೆಯುತ್ತಿದ್ದೇನೆ, ನಂಬುತ್ತೀರಾ? ಮಾವ ಸುದ್ದಿ ಕೇಳಿ ಆನೆಯ ಬೆನ್ನು ತಟ್ಟಿ, ಅದು ಸಾಲದೆ ನಿಮ್ಮ ಮಗನ ಬೆನ್ನನ್ನೂ ಅದೇ ರಭಸದಲ್ಲಿ ತಟ್ಟಿದರು. ನಿಮ್ಮ ಮಗನ ಮುಖ ಮಾತ್ರ ಒಂದು ಗಳಿಗೆ ಬಿಳುಚಿತು, ಆಮೇಲೆ ನಕ್ಕರು. ಹಲಗೆಯ ಮೇಲಿದ್ದದ್ದನ್ನೆಲ್ಲ ಇಳಿಸಿ ಒರೆಸಿದ್ದಾರೆ. ಉಪ್ಪಿನ ಡಬ್ಬಿ ಮಾತ್ರ ಅಲ್ಲೇ ಇದೆ, ಉಪ್ಪಿಗೆ ಬಿಸಿ ಏನು ಮಾಡೀತು. ಇನ್ನು ದೊಡ್ಡ ಸ್ಕ್ಯಾನ್ ಇದೆ. ಬರುವ ಶುಕ್ರವಾರವಲ್ಲ, ಅದರ ಮುಂದಿನ ಶುಕ್ರವಾರ. ಬೆಳವಣಿಗೆ ಸರಿಯಿದೆಯೇ, ಎದೆ, ತಲೆ, ಬೆನ್ನು ಎಲ್ಲ ಸರಿಯಿದೆಯೇ ಎಂದು ಆವತ್ತು ನೋಡುತ್ತಾರೆ. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಇರಬೇಕು. ಯಾರ ತಪ್ಪೂ ಇಲ್ಲದ ಒಂದು ತಪ್ಪು ಸರಿಹೋಯಿತು ಎಂದುಕೊಳ್ಳೋಣ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ದೊಡ್ಡತ್ತೆಗೆ ನನ್ನ ನಮಸ್ಕಾರ ಹೇಳಿ, ಬಾಗಿಲಿಗೆ ಇನ್ನಷ್ಟು ಬೈಯಲು ಹೇಳಿ. ನಿಮ್ಮನ್ನು ಕೇಳಿದೆ ಎಂದು ತಿಳಿಸು ಅಂತ ಮಾವ ಹೇಳಲಿಲ್ಲ, ಆದರೆ ನಿಮ್ಮ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುತ್ತಿಲ್ಲ. ನಿಮ್ಮ ಆಶೀರ್ವಾದದ ಕೈ ಅಲ್ಲಿಂದಲೇ ಇಷ್ಟುದ್ದ ಚಾಚಿ, ಒಂದು ನನ್ನ ತಲೆಗೆ, ಒಂದು ನನ್ನ ಹೊಟ್ಟೆಗೆ.

ನಿಮ್ಮ,
ಬಾಯ್ಲರ್ ಬೆಕ್ಕು

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ನಿಮ್ಮ ಮಗ ಇಷ್ಟನ್ನೂ ಓದಿ, ‘ಸರಿ, ಇದಕ್ಕಿಂತ ಒಂದಕ್ಷರ ಜಾಸ್ತಿ ಬರೀಬೇಡ’ ಎಂದು ಅಂಚೆಚೀಟಿ ತರಲು ಹೋಗಿದ್ದಾರೆ. ಅವರು ಮೆಟ್ಟಿಲು ಹತ್ತುವ ಮುಂಚೆ ಬರೆದು ಲಕೋಟೆ ಮುಚ್ಚಬೇಕು. ಅವರ ಮುಖ ಯಾಕೆ ಬಿಳುಚಿತು ಎಂದು ನಿಮಗೆ ಹೊಳೆದಿರುತ್ತದೆ. ಬಾಟಲಿ ಇಳಿಸಿದ್ದಕ್ಕೆ ರಿಪೋರ್ಟು ಇಳಿಯಿತು ಎಂದಾದರೆ, ಹೋದ ವರ್ಷದ ಬಾಟಲಿಯೂ ಅದೇ ಹಲಗೆಯ ಮೇಲಿತ್ತು. ಶನಿವಾರವೇ ಇವರನ್ನು ಸ್ಕೂಟರ್ ತರಲು ಕಳಿಸಿ ನಾನೊಬ್ಬಳೇ ಡಾಕ್ಟರಮ್ಮನನ್ನು ಕೇಳಿದೆ. ‘ಅದಕ್ಕೇ ಆಗಿರಬಹುದು, ಅಲ್ಲದೆಯೂ ಇರಬಹುದು, ಇನ್ನು ಯಾರೂ ಹೇಳಕ್ಕಾಗಲ್ಲ’ ಎಂದರು. ಇದನ್ನು ನಿಮಗೆ ಯಾವತ್ತೂ ಹೇಳಬಾರದು ಎಂದು ಮಾವ, ಇವರು ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆದರೆ ನೀವು ದೊಡ್ಡತ್ತೆಯನ್ನು ಮಗ್ಗುಲು ಬದಲಿಸುವಾಗಲೋ, ಬಟ್ಟೆ ಹಿಂಡುವಾಗಲೋ ನೀವೇ ಅಲ್ಲಿಗೆ ಬಂದು ತಲುಪುತ್ತೀರಿ, ನನಗೆ ಗೊತ್ತು. ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕಿಂತ ನನ್ನಿಂದ ಕೇಳಿ. ನಾನು ಸುಳ್ಳಿ ಅಲ್ಲ ಎಂದು ಆಸ್ಪತ್ರೆಯ ತುಂಬ ಸಾರಿದವರು ನೀವೇ, ಆದ್ದರಿಂದ ನಿಜ ಹೇಳುತ್ತೇನೆ: ನಿನ್ನೆ ಇಡೀ ದಿನ ನಿಮ್ಮ ಮೇಲೆ ಕೋಪ ಬಂದಿತ್ತು. ನಿಮ್ಮ ಕಪಾಟಿನ ಬಾಗಿಲನ್ನು ಧಡಾರನೆ ಹಾಕಿದೆ. ಇವತ್ತು ಬೆಳಗ್ಗೆ ಅಲಾರಂ ಹೊಡೆಯಿತು, ಮಾತ್ರೆ ಅಂಗೈಯಲ್ಲಿ ಇಟ್ಟುಕೊಂಡು ಹಾಗೇ ನಿದ್ದೆ ಹೋದೆ. ಎದ್ದಾಗ ಅದು ದಿಂಬಿನ ಕೆಳಗಿತ್ತು. ತಕ್ಷಣ ನುಂಗಿದೆ. ಕೋಪ ಹೋಯಿತು, ಭಯ ಮಾತ್ರ ಉಳಿದಿದೆ. ದೊಡ್ಡತ್ತೆಯನ್ನು ವಾಕರ್ ಸಮೇತ ಕರೆದುಕೊಂಡೇ ಬನ್ನಿ, ಕೆಳಗಿನ ಕೋಣೆ ಒರೆಸಿಟ್ಟಿದ್ದೇನೆ. ಸ್ಕ್ಯಾನಿಗೆ ನಿಮ್ಮ ಮಗನೊಬ್ಬರ ಜೊತೆ ಹೋಗಲಾರೆ, ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೆಟ್ಟಿಲ ಸದ್ದಾಯಿತು. ಬನ್ನಿ ಅತ್ತೆ. ಅಲಾರಂ ಎಬ್ಬಿಸುತ್ತದೆ, ಆದರೆ ನಾನು ನುಂಗುವ ತನಕ ಪಕ್ಕದಲ್ಲಿ ನಿಂತಿರುವುದಿಲ್ಲ.